ಡ್ರಾಯಿಂಗ್ ಮಾಸ್ತರರ ಸಂಜೆ ಕ್ಲಾಸು

ಹಿಂದೆ ಹೈಸ್ಕೂಲಿನ ಮಾಸ್ತರರ ಪೈಕಿ ಹೆಸರಿನ ಮುಂದೆ ಬಿ.ಎ., ಬಿ.ಟಿ. ಹಾಕಿಕೊಳ್ಳದವರು ಸಾಮಾನ್ಯವಾಗಿ ಇಬ್ಬರೇ: ಡ್ರಿಲ್ ಮಾಸ್ತರರು ಮತ್ತು ಡ್ರಾಯಿಂಗ್ ಮಾಸ್ತರರು. ಡ್ರಾಯಿಂಗ್ ಮಾಸ್ತರರ ಹೆಸರಿಗೆ ಅಂಟಿಕೊಂಡಿದ್ದ ಅಕ್ಷರಗಳೇ ಬೇರೆ. ಡಿ.ಟಿ.ಸಿ., ಡಿ.ಎಂ.ಸಿ., ಎ.ಎಂ., ಮುಂಬಯಿಗೆ ಹೋಗಿ ಬಂದವರಾದರೆ ಜಿ.ಡಿ. ಆರ್ಟ್. ಡ್ರಾಯಿಂಗ್ ಟೀಚರ್ ಸರ್ಟಿಫಿಕೇಟ್, ಡ್ರಾಯಿಂಗ್ ಮಾಸ್ಟರ್ ಸರ್ಟಿಫಿಕೇಟ್, ಆರ್ಟ್ ಮಾಸ್ಟರ್ ಎಂದು ಇವನ್ನು ಬಿಡಿಸಿ ಹೇಳಬಲ್ಲವರು ಊರಲ್ಲಿ ಬೆರಳೆಣಿಕೆಯಷ್ಟು. ಹೆಣ್ಣು ಕೊಡುವವರು ಹಿಂದುಮುಂದು ನೋಡುವಂಥ ಡಿಗ್ರಿಗಳಿವು. ಆದರೂ ಕನ್ನಡ ನಾಡಿನಲ್ಲಿ ಆಧುನಿಕ ಚಿತ್ರಕಲೆ ಎಂಬುದು ಬೇರು ಬಿಟ್ಟದ್ದು ಬಹುಪಾಲು ಇಂಥವರ ಮನೆಯ ಪಡಸಾಲೆಯಲ್ಲಿ, ಶಾಲೆ ಬಿಟ್ಟ ಮೇಲಿನ ಹೊತ್ತಿನಲ್ಲಿ. ಅರಮನೆ, ಅಕಾಡೆಮಿ, ಪರಿಷತ್ತುಗಳ ಚರಿತ್ರೆ ಬೇಕಾದಷ್ಟು ಬರೆದಾಗಿದೆ. ಈ ಪಡಸಾಲೆಗಳ ಚರಿತ್ರೆ ಇನ್ನೂ ಬಿಡಿಬಿಡಿಯಾಗಿಯೇ ಬಿದ್ದಿದೆ.

ಡ್ರಾಯಿಂಗ್ ಮಾಸ್ತರರ ಹುದ್ದೆ ಹುಟ್ಟಿದ್ದು ಕಲೆಯ ಮೇಲಿನ ಪ್ರೀತಿಗಲ್ಲ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿಗೆ ತನ್ನ ಕಾರ್ಖಾನೆಯ ಸರಕಿನ ವಿನ್ಯಾಸ ಫ್ರಾನ್ಸಿನ ಸರಕಿನ ಮುಂದೆ ಸಪ್ಪೆಯಾಗಿದೆ ಎಂಬ ಚಿಂತೆ ಹತ್ತಿತು. ಕುಶಲಕರ್ಮಿಯ ಕೈ ಪಳಗಿಸಲೆಂದು 1837ರಲ್ಲಿ ಲಂಡನ್ನಿನಲ್ಲಿ ಸರ್ಕಾರಿ ವಿನ್ಯಾಸ ಶಾಲೆ ತೆರೆಯಿತು. ಅದೇ ಮುಂದೆ ಸೌತ್ ಕೆನ್ಸಿಂಗ್ಟನ್ ಪದ್ಧತಿಯಾಗಿ ಬೆಳೆಯಿತು: ಮೊದಲು ಸರಳ ರೇಖೆ, ಆಮೇಲೆ ವಕ್ರರೇಖೆ, ಆಮೇಲೆ ಘನಾಕೃತಿ, ಆಮೇಲೆ ನೆರಳು, ಕಟ್ಟಕಡೆಗೆ ಮನುಷ್ಯನ ದೇಹ. ಒಂದು ಮೆಟ್ಟಿಲು ದಾಟದೆ ಇನ್ನೊಂದಕ್ಕೆ ಕಾಲಿಡುವಂತಿಲ್ಲ. ಈ ಮೆಟ್ಟಿಲುಗಳೇ ಹಡಗೇರಿ ಹಿಂದೂಸ್ತಾನಕ್ಕೆ ಬಂದವು.

ಮದರಾಸಿನಲ್ಲಿ 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯ ಒಂದು ಕಲಾಶಾಲೆ ತೆರೆದ. ಮುಂಬಯಿಯಲ್ಲಿ ಪಾರ್ಸಿ ವರ್ತಕ ಜಮ್ಶೆಟ್‌ಜಿ ಜೀಜೀಭಾಯ್ ಕೊಟ್ಟ ಒಂದು ಲಕ್ಷ ರೂಪಾಯಿಯಿಂದ 1857ರಲ್ಲಿ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಶುರುವಾಯಿತು. ಅಲ್ಲಿಂದ ಹೊರಬಿದ್ದ ಹುಡುಗರು ಬಹುಮಟ್ಟಿಗೆ ಸೇರಿಕೊಂಡದ್ದು ರೈಲ್ವೆ, ಲೋಕೋಪಯೋಗಿ, ಸರ್ವೆ ಇಲಾಖೆಗಳನ್ನು. ನಕ್ಷೆ ಬರೆಯುವ ಕೈಗಳಿಗೆ ಸರ್ಕಾರದಲ್ಲಿ ಅಷ್ಟು ಬೇಡಿಕೆಯಿತ್ತು. ಹೀಗಾಗಿ ಡ್ರಾಯಿಂಗನ್ನು ಹೈಸ್ಕೂಲಿನಿಂದಲೇ ಕಲಿಸಬೇಕೆಂಬ ವಿಚಾರ ಬಂತು. ಜೆ.ಜೆ.ಯಲ್ಲಿ 1879ರಲ್ಲಿ ಡ್ರಾಯಿಂಗ್ ಒಂದು ವಿಷಯವಾಗಿ ಆರಂಭವಾಯಿತು. 1893ರಲ್ಲಿ ಡ್ರಾಯಿಂಗ್ ಶಿಕ್ಷಕರಿಗೇ ಪ್ರತ್ಯೇಕ ತರಬೇತಿ ವರ್ಗ ತೆರೆಯಿತು. ನಮ್ಮ ಡ್ರಾಯಿಂಗ್ ಮಾಸ್ತರರ ವಂಶವೃಕ್ಷದ ಬುಡ ಇದು.

ಆಗ ಕನ್ನಡ ನಾಡು ಚೂರುಚೂರಾಗಿತ್ತಲ್ಲ, ಡ್ರಾಯಿಂಗ್ ಪರೀಕ್ಷೆಗಳೂ ಹಾಗೆಯೇ ಹಂಚಿಹೋಗಿದ್ದವು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಹುಡುಗರು ಬರೆಯುತ್ತಿದ್ದದ್ದು ಮುಂಬಯಿಯ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಗ್ರೇಡ್ ಪರೀಕ್ಷೆಗಳನ್ನು. ಮಂಗಳೂರು, ಬಳ್ಳಾರಿಯವರಿಗೆ ಮದರಾಸಿನ ಲೋವರ್, ಹೈಯರ್ ಪರೀಕ್ಷೆಗಳು. ಮೈಸೂರು ಸೀಮೆಯಲ್ಲಿ 1906ರಲ್ಲಿ ಸ್ಥಾಪನೆಯಾದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯೇ ಗುರುಮನೆ. ಬಡಗಿ ಕೆಲಸ, ದಂತದ ಕೆತ್ತನೆ, ಲೋಹದ ಕೆಲಸಗಳ ಜೊತೆಯಲ್ಲಿ ಅಲ್ಲಿ ಚಿತ್ರಕಲೆಯನ್ನೂ ಹೇಳಿಕೊಡುತ್ತಿದ್ದರು. ನಿಜಾಮರ ಆಳ್ವಿಕೆಯ ಕಲಬುರಗಿಯಿಂದ ಚಿತ್ರಕಲೆ ಕಲಿಯಬೇಕೆಂದವರು ಮುಂಬಯಿಗೋ ಮದರಾಸಿಗೋ ರೈಲು ಹತ್ತುತ್ತಿದ್ದರು.

ಎಲಿಮೆಂಟರಿ ಪರೀಕ್ಷೆಯಲ್ಲಿ ವಸ್ತುಚಿತ್ರ, ಸ್ಮರಣಚಿತ್ರ, ವಿನ್ಯಾಸ, ಭೂಮಿತಿ ಮತ್ತು ಅಕ್ಷರಲೇಖನ ಇರುತ್ತಿತ್ತು. ವಸ್ತುಚಿತ್ರದ ಕ್ಲಾಸಿನಲ್ಲಿ ಎತ್ತರದ ಸ್ಟೂಲಿನ ಮೇಲೆ ಮರದ ಘನ, ಶಂಕು, ಸಿಲಿಂಡರು; ಅವಿಲ್ಲದ ಶಾಲೆಯಲ್ಲಿ ಒಂದು ಇಟ್ಟಂಗಿ, ಒಂದು ಹಿತ್ತಾಳೆ ತಂಬಿಗೆ. ಹುಡುಗರು ತೋಳನ್ನು ನೀಟಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳು ಸರಿಸಿ ತಂಬಿಗೆಯ ಅಗಲ ಎಷ್ಟು, ಎತ್ತರ ಎಷ್ಟು ಎಂದು ಅಳೆಯಬೇಕು. ಮೊಣಕೈ ಮಡಿಸಿದರೆ ಅಳತೆ ಕೆಟ್ಟಿತು. ತಂಬಿಗೆಯ ಬಾಯಿ ನಮಗೆ ಗೊತ್ತಿರುವಂತೆ ದುಂಡಗಿದೆ, ಆದರೆ ಕೂತ ಜಾಗದಿಂದ ಕಾಣುವುದು ಮೊಟ್ಟೆಯಾಕಾರ. ಗೊತ್ತಿದ್ದದ್ದನ್ನು ಬಿಟ್ಟು ಕಂಡದ್ದನ್ನು ಬರೆಯಬೇಕು. ಹದಿಮೂರು ವರ್ಷದ ಹುಡುಗನ ತಲೆಗೆ ಇದನ್ನು ಇಳಿಸುವುದು ಬೀಜಗಣಿತ ಕಲಿಸುವುದಕ್ಕಿಂತ ಸುಲಭದ ಕೆಲಸವೇನೂ ಅಲ್ಲ. ಬಾಯಿ ಸರಿಯಾಗಿ ಬಂದರೆ ತಳ ಚಪ್ಪಟೆಯಾಗುತ್ತಿತ್ತು. ತಳ ಸರಿಮಾಡಿದರೆ ತಂಬಿಗೆ ಒಂದು ಕಡೆಗೆ ವಾಲುತ್ತಿತ್ತು. ಮಾಸ್ತರರು ಬೆನ್ನ ಹಿಂದೆ ಬಂದು ನಿಂತು, ಹುಡುಗನ ಕೈಯಿಂದಲೇ ಪೆನ್ಸಿಲು ಇಸಿದುಕೊಂಡು, ಕಾಗದದ ನಡುವೆ ಮೇಲಿಂದ ಕೆಳಕ್ಕೆ ಒಂದು ತೆಳ್ಳಗಿನ ಗೆರೆ ಎಳೆದು ಮುಂದಿನ ಬೆಂಚಿಗೆ ಹೋಗುತ್ತಿದ್ದರು. ಆ ನಡುಗೆರೆಯಿಂದ ಎರಡೂ ಬದಿ ತೂಗಿ ನೋಡಿದಾಗ ವಾಲಿದ ತಂಬಿಗೆ ನೆಟ್ಟಗೆ ನಿಲ್ಲುತ್ತಿತ್ತು.

ಇಷ್ಟೆಲ್ಲ ಕಲಿಸಿದರೂ ಸ್ಟಾಫ್ ರೂಮಿನಲ್ಲಿ ಅವರ ಗತ್ತು ಅಷ್ಟಕ್ಕಷ್ಟೆ. ಡ್ರಾಯಿಂಗಿನ ಅಂಕ ಪಾಸು-ನಪಾಸಿನ ಲೆಕ್ಕಕ್ಕೆ ಬರುತ್ತಿದ್ದದ್ದು ಅಪರೂಪ. ಮಾರ್ಚ್ ಹತ್ತಿರ ಬಂತೆಂದರೆ ಡ್ರಾಯಿಂಗ್ ಪಿರಿಯಡ್ಡಿಗೆ ಗಣಿತದವರೋ ಇಂಗ್ಲಿಷಿನವರೋ ಬಂದು ಕೂತಿರುತ್ತಿದ್ದರು. ಬದಲಿಗೆ ಮಾಸ್ತರರ ಪಾಲಿಗೆ ಬರುತ್ತಿದ್ದದ್ದು ಶಾಲೆಯ ಎಲ್ಲ ಬಣ್ಣದ ಕೆಲಸ: ಗ್ಯಾದರಿಂಗಿನ ಬ್ಯಾನರು, ಕೊಠಡಿಗಳ ಮೇಲಿನ ನಂಬರು, ಭೂಗೋಳದ ನಕಾಶೆ, ಸರ್ಟಿಫಿಕೇಟಿನ ಮೇಲಿನ ಹೆಸರು, ಇನ್‌ಸ್ಪೆಕ್ಟರ್ ಬರುವ ದಿನ ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಸುಸ್ವಾಗತ.

ಊರಿನವರೂ ಬಿಡುತ್ತಿರಲಿಲ್ಲ. ತೀರಿಹೋದ ಹಿರಿಯರದು ಮಾಸಿದ ಒಂದು ಸಣ್ಣ ಫೋಟೊ ತಂದು, ಗೋಡೆಗೆ ಹಾಕುವಂತೆ ದೊಡ್ಡದಾಗಿ ಬರೆದುಕೊಡಿ ಎನ್ನುವರು. ಮಾಸ್ತರರು ಫೋಟೊದ ಮೇಲೆ ಸಣ್ಣ ಚೌಕಗಳ ಬಲೆ ಎಳೆದು, ಕ್ಯಾನ್ವಾಸಿನ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕ ಹಾಕಿ, ಒಂದೊಂದು ಮನೆಯಲ್ಲಿ ಏನಿದೆಯೋ ಅದನ್ನಷ್ಟೇ ಇನ್ನೊಂದು ಮನೆಗೆ ದಾಟಿಸುತ್ತಿದ್ದರು. ಮೂಗು ಮೂರು ಚೌಕಗಳಲ್ಲಿ ಹಂಚಿಹೋಗಿದ್ದರೂ ಕಡೆಗೆ ಅಜ್ಜನ ಮುಖವೇ ಮೂಡುತ್ತಿತ್ತು. ಮುಂಡಾಸಿನ ಬಣ್ಣ ಯಾವುದು, ಕಿವಿಯಲ್ಲಿ ಒಂಟಿ ಇತ್ತೇ ಎಂದು ಮನೆಯವರನ್ನು ಕೇಳಿ ತುಂಬಬೇಕು. ಗಣಪತಿ ಹಬ್ಬಕ್ಕೆ ಮಣ್ಣಿನ ಮೂರ್ತಿ, ಹವ್ಯಾಸಿ ನಾಟಕಕ್ಕೆ ಅರಮನೆ, ಅಡವಿ, ಬೀದಿಯ ಪರದೆ, ಹೊಸ ಅಂಗಡಿಗೆ ಬೋರ್ಡು, ಇವೆಲ್ಲ ಮೇಲುಸಂಪಾದನೆ. ಸಂಬಳ ಸಾಲದ್ದಕ್ಕೆ ಮಾಡಿದ ಕೆಲಸ ಹೌದು, ಆದರೆ ಇದರಿಂದಾಗಿಯೇ ಸಣ್ಣ ಊರುಗಳಲ್ಲಿ ಎಣ್ಣೆಬಣ್ಣ ಎಂಬುದೊಂದು ಇದೆ ಎಂದು ಜನಕ್ಕೆ ತಿಳಿದದ್ದು.

ಸಂಜೆ ಕ್ಲಾಸಿನ ಕಥೆಗೆ ಕಲಬುರಗಿಯಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಜೆ.ಜೆ.ಯಲ್ಲಿ ಕಲಿತು ಬಂದ ಶಂಕರರಾವ್ ಆಳಂದಕರ್ ಅಲ್ಲಿ ಹುಡುಗರಿಗೆ ಚಿತ್ರ ಹೇಳಿಕೊಡುತ್ತಿದ್ದರು. ಅವರ ಕೈಕೆಳಗೆ ಪಳಗಿದವರಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಒಬ್ಬರು. ಮದರಾಸಿನ ಡಿಪ್ಲೊಮಾ ಪಡೆದು ಪಂಡಿತರು ಮುಂಬಯಿಗೆ ಹೋದಾಗ ಅವರಿಗೆ ಆಸರೆಯಾದದ್ದೂ ಇನ್ನೊಬ್ಬ ಕನ್ನಡಿಗ ಮಾಸ್ತರರ ಶಾಲೆಯೇ: ಜಿ.ಎಸ್. ದಂಡಾವತಿಮಠರ ನೂತನ ಕಲಾ ಮಂದಿರ. ಮುಂದೆ ಪಂಡಿತರು ಮುಂಬಯಿಯ ಮೆಟ್ರೊ ಚಿತ್ರಮಂದಿರಕ್ಕಾಗಿ ಹಾಲಿವುಡ್ ಸಿನೆಮಾಗಳ ಪ್ರಚಾರಚಿತ್ರ ಬರೆದರು, ‘ಫಿಲ್ಮ್‌ಇಂಡಿಯಾ’ ಪತ್ರಿಕೆಗೆ ಮುಖಪುಟ ಬರೆದರು, ಕಡೆಗೆ ಪುರಾಣದ ಪ್ರಸಂಗಗಳ ಕ್ಯಾಲೆಂಡರುಗಳಿಂದ ದೇಶದ ಮನೆಮನೆಯ ಗೋಡೆ ಹತ್ತಿದರು. ಹಾಲಿವುಡ್ ಪೋಸ್ಟರಿನ ಬೆಳಕು, ಮೈಕಟ್ಟುಗಳನ್ನು ರಾಧೆ-ಕೃಷ್ಣ, ನಳ-ದಮಯಂತಿಯರಿಗೆ ತೊಡಿಸಿದ್ದು ಅವರ ಕೈಚಳಕ. ಆ ಕ್ಯಾಲೆಂಡರುಗಳು ಕರ್ನಾಟಕದ ಹಳ್ಳಿಗಳಿಗೂ ಬಂದವು; ವರ್ಷ ಮುಗಿದ ಮೇಲೆ ಅವನ್ನೇ ಹರಿದಿಟ್ಟುಕೊಂಡು ಬೇರೆ ಡ್ರಾಯಿಂಗ್ ಮಾಸ್ತರರು ತಮ್ಮ ಹುಡುಗರಿಗೆ ನಕಲು ಮಾಡಲು ಕೊಟ್ಟರು. ಪಂಡಿತರು 1993ರಲ್ಲಿ ತೀರಿಕೊಂಡರು. ಅವರ ಹೆಸರು ಕೇಳದವರು ಕಡಿಮೆ. ಆಳಂದಕರರ ಹೆಸರು ಕಲಬುರಗಿಯ ಆಚೆ ಎಷ್ಟು ಜನಕ್ಕೆ ಗೊತ್ತು?

ದಂಡಾವತಿಮಠರ ಶಾಲೆಯೂ ಹೆಚ್ಚಿನ ಗಮನಕ್ಕೆ ತಕ್ಕದ್ದು. ಮುಂಬಯಿಗೆ ಬಂದಿಳಿದ ಕನ್ನಡದ ಹುಡುಗನಿಗೆ ಜೆ.ಜೆ.ಯ ಬಾಗಿಲು ಒಮ್ಮೆಲೇ ತೆರೆಯುತ್ತಿರಲಿಲ್ಲ. ಅದಕ್ಕೆ ಮೊದಲು ಕೈ ಕುದುರಿಸಿಕೊಳ್ಳಲು, ತನ್ನ ಭಾಷೆಯಲ್ಲಿ ಬೈಸಿಕೊಳ್ಳಲು ಒಂದು ಜಾಗ ಬೇಕಿತ್ತು. ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರೂ ಇಲ್ಲಿ ಕಲಿತವರೇ. ತಂದೆ ಗಣಪತಿ ಮೂರ್ತಿ ಮಾಡುತ್ತಿದ್ದ ಮನೆಯಲ್ಲಿ 1911ರಲ್ಲಿ ಹುಟ್ಟಿದ ಹೆಬ್ಬಾರರು ಮೈಸೂರಿನ ತಾಂತ್ರಿಕ ಸಂಸ್ಥೆಯಲ್ಲಿ ಸ್ವಲ್ಪ ಕಾಲ ಇದ್ದು, ಮುಂಬಯಿಗೆ ಹೋಗಿ ಜೆ.ಜೆ. ಮುಗಿಸಿ, 1940ರ ದಶಕದಲ್ಲಿ ಕೆಲವು ವರ್ಷ ಅಲ್ಲಿಯೇ ಪಾಠ ಹೇಳಿದರು. ಆಮೇಲೆ ಆ ಕೆಲಸ ಬಿಟ್ಟು ಪೂರ್ತಿಯಾಗಿ ಚಿತ್ರಕ್ಕೆ ಇಳಿದರು, ಪ್ಯಾರಿಸ್ಸಿಗೂ ಹೋಗಿ ಬಂದರು. ಅವರ ರೇಖಾಚಿತ್ರಗಳನ್ನು ನೋಡಿದವರಿಗೆ ಆ ಗೆರೆಯ ಲಾಲಿತ್ಯ ಕಣ್ಣಿಗೆ ಬೀಳುತ್ತದೆ. ಅದರ ಕೆಳಗೆ ತಂಬಿಗೆಯ ಬಾಯಿ ಅಳೆದ ತಾಲೀಮು ಇದೆ ಎಂಬುದು ಹೊಳೆಯುವುದು ಸ್ವಲ್ಪ ತಡವಾಗಿ.

ಧಾರವಾಡದಲ್ಲಿ ಡಿ.ವಿ. ಹಾಲಭಾವಿ 1935ರಲ್ಲಿ ಸ್ಕೂಲ್ ಆಫ್ ಆರ್ಟ್ ಕಟ್ಟಿದರು. ಉತ್ತರ ಕರ್ನಾಟಕದ ಎಷ್ಟೋ ಹೈಸ್ಕೂಲುಗಳಿಗೆ ಡ್ರಾಯಿಂಗ್ ಮಾಸ್ತರರನ್ನು ಒದಗಿಸಿದ ಶಾಲೆ ಅದು. ಇಂದು ಅವರ ಹೆಸರಿನಲ್ಲಿ ಧಾರವಾಡದಲ್ಲಿ ಸ್ಮಾರಕ ಟ್ರಸ್ಟ್ ಇದೆ, ಯುವ ಕಲಾವಿದರಿಗೆ ಪುರಸ್ಕಾರ ಕೊಡುತ್ತದೆ. ಹುಬ್ಬಳ್ಳಿಯಲ್ಲಿ ಎಂ.ವಿ. ಮಿಣಜಗಿ, ಗದಗಿನಲ್ಲಿ ವಿಜಯ ಕಲಾ ಮಂದಿರದ ಟಿ.ಪಿ. ಅಕ್ಕಿ, ಮಂಗಳೂರಿನಲ್ಲಿ ಬಿ.ಜಿ. ಮಹಮ್ಮದ್, ಹೀಗೆ ಊರಿಗೊಬ್ಬರು. ಬೆಂಗಳೂರಿನಲ್ಲಿ ಎ.ಎನ್. ಸುಬ್ಬರಾಯರು 1919ರಷ್ಟು ಹಿಂದೆಯೇ ಕಲಾಮಂದಿರ ತೆರೆದಿದ್ದರು. ಅವರ ಮಗ ಎ.ಎಸ್. ಮೂರ್ತಿ ಆಕಾಶವಾಣಿಯಲ್ಲಿ, ರಂಗಭೂಮಿಯಲ್ಲಿ ಹೆಸರು ಮಾಡಿ, ಅಪ್ಪನ ಶಾಲೆಯನ್ನೂ ಕೈಬಿಡದೆ ನಡೆಸಿದರು.

ಬೆಳಗಾವಿಯ ಕೆ.ಬಿ. ಕುಲಕರ್ಣಿಯವರದು ಇವೆಲ್ಲಕ್ಕಿಂತ ಸ್ವಲ್ಪ ಬೇರೆ ಬಗೆ. ಮುಂಬಯಿ ಕರೆಯುತ್ತಿದ್ದ ಕಾಲದಲ್ಲಿ ಬೆಳಗಾವಿಯಲ್ಲೇ ಉಳಿದು, ಚಿತ್ರಮಂದಿರ ಎಂಬ ತರಗತಿ ನಡೆಸುತ್ತ, ಭಾವಚಿತ್ರ, ನಿಸರ್ಗಚಿತ್ರ ಬರೆಯುತ್ತ ಕಾಲ ಕಳೆದವರು. ಅವರ ಬಳಿ ಕಲಿತ ರವಿ ಪರಾಂಜಪೆ ಜಾಹೀರಾತು, ಪುಸ್ತಕಚಿತ್ರ, ಕಟ್ಟಡಗಳ ರೂಪುಚಿತ್ರ ಈ ಮೂರರಲ್ಲೂ ದೊಡ್ಡ ಹೆಸರು ಮಾಡಿದರು. ಪುಣೆಯಲ್ಲಿ ನೆಲೆಸಿ 2022ರಲ್ಲಿ ತೀರಿಕೊಂಡ ಪರಾಂಜಪೆ, ತಮ್ಮ ಗುರು ಯಾರೆಂಬುದನ್ನು ಎಂದೂ ಮರೆತವರಲ್ಲ. ಮರಾಠಿ ಪತ್ರಿಕೆಗಳು ಕುಲಕರ್ಣಿಯವರನ್ನು ತಮ್ಮವರೆಂದು ಬರೆದಷ್ಟು ಕನ್ನಡದ ಪತ್ರಿಕೆಗಳು ಬರೆದಿಲ್ಲ. ಗಡಿಯ ತಂಟೆಯಲ್ಲಿ ತೋರುವ ಉತ್ಸಾಹವನ್ನು ನಾವು ಇಂಥ ಕಡೆಯೂ ತೋರಿಸಬಹುದಿತ್ತು.

ಹಾಗೆಂದು ಡ್ರಾಯಿಂಗ್ ಮಾಸ್ತರರನ್ನು ದೇವರ ಪಟದ ಪಕ್ಕ ಕೂರಿಸಬೇಕಿಲ್ಲ. ಸೌತ್ ಕೆನ್ಸಿಂಗ್ಟನ್ನಿನ ಮೆಟ್ಟಿಲು ಹತ್ತಿದವರಲ್ಲಿ ಬಹಳ ಮಂದಿ ಮೆಟ್ಟಿಲ ಮೇಲೇ ಕೂತುಬಿಟ್ಟರು. ನಕಲು ಚೆನ್ನಾಗಿದ್ದರೆ ಸಾಕು, ಸ್ವಂತದ್ದು ಬೇಕಿಲ್ಲ ಎಂಬ ಮಾಸ್ತರರಿದ್ದರು. ಮೈಸೂರು ಚಿತ್ರಗಾರರ ಮನೆತನಗಳ, ಕಿನ್ನಾಳದ ಕೆಲಸಗಾರರ ಪರಂಪರೆ ಬಗಲಲ್ಲೇ ಇದ್ದರೂ ಅದನ್ನು ಕಲೆಯೆಂದು ಲೆಕ್ಕಕ್ಕೇ ಹಿಡಿಯದ ಪಠ್ಯ ಅದು. ಆರ್.ಕೆ. ಲಕ್ಷ್ಮಣರ ಕಥೆ ಎಲ್ಲರಿಗೂ ಗೊತ್ತು: ಮೈಸೂರಿನ ಶಾಲೆಯಲ್ಲಿ ಎಲೆಯೊಂದನ್ನು ಬರೆಯಿರಿ ಎಂದಾಗ ಅವರು ಬರೆದ ಅರಳಿ ಎಲೆ ನೋಡಿ, ನೀನು ಚಿತ್ರಕಾರನಾಗುತ್ತೀಯ ಎಂದವರು ಒಬ್ಬ ಸಾಮಾನ್ಯ ಕ್ಲಾಸು ಮಾಸ್ತರರು. ಅದೇ ಲಕ್ಷ್ಮಣರ ಅರ್ಜಿಯನ್ನು, ಅಷ್ಟು ಪ್ರತಿಭೆ ಕಾಣುತ್ತಿಲ್ಲವೆಂದು ತಳ್ಳಿಹಾಕಿದ್ದು ಜೆ.ಜೆ. ಸ್ಕೂಲು! ಮೆಟ್ಟಿಲು ಎಣಿಸುವವರ ಕಣ್ಣಿಗೆ ಕೆಲವು ಸಲ ಎಲೆ ಬೀಳುವುದಿಲ್ಲ.

1960ರ ದಶಕ ಬಂದಾಗ ಈ ಹಳೇ ಪಠ್ಯದ ಮೇಲೆ ಹೊಸಬರು ತಿರುಗಿಬಿದ್ದರು. ವಿಚಿತ್ರವೆಂದರೆ ಅವರು ಹಿಡಿದ ಹಾದಿ ಮಾತ್ರ ಮಾಸ್ತರರದ್ದೇ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು 1960ರಲ್ಲಿ ಹುಟ್ಟಿತು, ದಾವಣಗೆರೆಯ ಸರ್ಕಾರಿ ಕಲಾಶಾಲೆ 1964ರಲ್ಲಿ, ಕಲಬುರಗಿಯಲ್ಲಿ ವಿ.ಜಿ. ಅಂದಾನಿಯವರ ಐಡಿಯಲ್ ಫೈನ್ ಆರ್ಟ್ ಸಂಸ್ಥೆ 1965ರಲ್ಲಿ. ಬಾದಾಮಿಯ ಆರ್.ಎಂ. ಹಡಪದ್ 1968ರಲ್ಲಿ ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ಶುರು ಮಾಡಿದರು. ದುಡ್ಡಿಲ್ಲ, ಸ್ವಂತ ಕಟ್ಟಡವಿಲ್ಲ. ಹಗಲು ನೌಕರಿಗೆ ಹೋಗುವವರೂ ಬಂದು ಕಲಿಯಬಹುದಾಗಿತ್ತು. ಇಂದು ಜಗತ್ತಿನ ದೊಡ್ಡ ದೊಡ್ಡ ಪ್ರದರ್ಶನಗಳಲ್ಲಿ ಹೆಸರು ಕೇಳಿಬರುವ ಶೀಲಾ ಗೌಡ ಮೊದಲು ಕಲಿತದ್ದು ಅಲ್ಲಿ. ಹಡಪದರು ಕಲಿಸಿದ ಕಲೆ ಗ್ರೇಡ್ ಪರೀಕ್ಷೆಯ ಕಲೆಯಾಗಿರಲಿಲ್ಲ. ಆದರೆ ತನ್ನ ಚಿತ್ರ ಬದಿಗಿಟ್ಟು ಬೇರೆಯವರ ಮಕ್ಕಳ ಕೈ ತಿದ್ದುವ ಚಟ ಆಳಂದಕರ್, ಹಾಲಭಾವಿಯವರಿಂದ ಇಳಿದುಬಂದದ್ದೇ.

ಇನ್ನು ನಿವೃತ್ತಿ. ಗಣಿತದ ಮಾಸ್ತರರು ನಿವೃತ್ತರಾದರೆ ಟ್ಯೂಷನ್ ಹೇಳಬಹುದು. ಡ್ರಾಯಿಂಗ್ ಮಾಸ್ತರರಿಗೆ ಆ ದಾರಿಯೂ ಕಿರಿದು. ಬದಲಿಗೆ ಒಂದು ಬಿಡುಗಡೆ ಮಾತ್ರ ಇತ್ತು: ಇನ್ನು ಮೇಲೆ ಇಟ್ಟಂಗಿ ಬರೆಯಬೇಕಿಲ್ಲ, ಸುಸ್ವಾಗತ ಬರೆಯಬೇಕಿಲ್ಲ. ವೃತ್ತಿಯ ಉದ್ದಕ್ಕೂ ಬೇರೆಯವರ ಕಾಗದದ ಮೇಲೆ ನಡುಗೆರೆ ಎಳೆದವರು ಅರವತ್ತರ ಹತ್ತಿರ ತಮ್ಮದೇ ಕಾಗದ ಬಿಚ್ಚುತ್ತಿದ್ದರು. ಹಲಗೆಯ ಮೇಲೆ ಕಾಗದ ತೋಯಿಸಿ, ಅಂಚಿಗೆ ಅಂಟು ಹಚ್ಚಿ ಎಳೆದು ಒಣಗಿಸುವುದು, ಬೆಳಗಿನ ಬೆಳಕು ಏರುವುದರೊಳಗೆ ಕೆರೆ ಏರಿಗೋ ಗುಡ್ಡಕ್ಕೋ ಹೋಗಿ ಜಲವರ್ಣ ಮುಗಿಸುವುದು. ನೀರಿನ ಬಣ್ಣಕ್ಕೆ ತಿದ್ದುಪಡಿ ಇಲ್ಲ. ಒಣಗುವ ಮುಂಚೆ ಆಕಾಶ ಮುಗಿಯಬೇಕು.

ದೊಡ್ಡ ಶಾಲೆಗಳ ಮೇಷ್ಟ್ರುಗಳ ಕಥೆಯೂ ಇದಕ್ಕಿಂತ ತೀರ ಭಿನ್ನವಲ್ಲ. ಮದರಾಸು ಕಲಾಶಾಲೆಯನ್ನು 1929ರಿಂದ ನಡೆಸಿದ ದೇವಿಪ್ರಸಾದ್ ರಾಯ್ ಚೌಧುರಿ 1957ರಲ್ಲಿ ನಿವೃತ್ತರಾದರು. ಮರೀನಾ ಕಡಲದಂಡೆಯ ಮೇಲೆ ಬಂಡೆ ನೂಕುತ್ತಿರುವ ಕಾರ್ಮಿಕರ ಶಿಲ್ಪ ಅಲ್ಲಿ ನಿಂತದ್ದು ಅದಾಗಿ ಎರಡು ವರ್ಷಕ್ಕೆ. ಅವರ ಜಾಗಕ್ಕೆ ಬಂದ ಕೆ.ಸಿ.ಎಸ್. ಪಣಿಕ್ಕರರಿಗೆ ತಮ್ಮ ನಿವೃತ್ತಿಗಿಂತ ಹೆಚ್ಚು ಕಾಡಿದ್ದು, ಕಲಿತು ಹೊರಬಂದ ಹುಡುಗರು ಹೊಟ್ಟೆಪಾಡಿಗೆ ಏನು ಮಾಡಬೇಕು ಎಂಬುದು. ನೌಕರಿಯ ಕಡೆಯ ದಿನಗಳಲ್ಲಿ, 1966ರಲ್ಲಿ, ಅವರು ಶಿಷ್ಯರ ಜೊತೆ ಸೇರಿ ಚೋಳಮಂಡಲ ಕಲಾಗ್ರಾಮ ಕಟ್ಟಿದರು. ಬಾಟಿಕ್ ಬಟ್ಟೆಯಂಥ ಕರಕುಶಲ ಕೆಲಸ ಮಾರಿ ಬಂದ ದುಡ್ಡಿನಲ್ಲಿ ಜಾಗ ಕೊಂಡು, ಮನೆ ಕಟ್ಟಿಕೊಂಡು ಚಿತ್ರ ಬರೆದರು. ಆ ಶಿಷ್ಯರ ಗುಂಪಿನಲ್ಲಿ ಮೈಸೂರಿನ ಎಸ್.ಜಿ. ವಾಸುದೇವ್ ಕೂಡ ಇದ್ದರು.

ಸಣ್ಣ ಊರಿನ ಮಾಸ್ತರರಿಗೆ ಕಡಲದಂಡೆಯೂ ಇರಲಿಲ್ಲ, ಕಲಾಗ್ರಾಮವೂ ಇರಲಿಲ್ಲ. ಅವರ ಚಿತ್ರಗಳು ಬಹುತೇಕ ಅಟ್ಟದ ಮೇಲಿನ ಟ್ರಂಕಿನಲ್ಲೋ ಮಂಚದ ಕೆಳಗೋ ಉಳಿದವು. ಗೆದ್ದಲಿಗೆ ಕಾಗದವೆಂದರೆ ಪ್ರೀತಿ, ಮಳೆಗಾಲದ ತೇವಕ್ಕೆ ಜಲವರ್ಣವೆಂದರೆ ಇನ್ನೂ ಪ್ರೀತಿ. ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋದ ಮನೆಗಳಲ್ಲಿ, ಮನೆ ಮಾರುವ ದಿನ ಟ್ರಂಕಿನ ಸಮೇತ ಗುಜರಿಗೆ ಹೋದ ಚಿತ್ರಗಳೆಷ್ಟೋ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿವರೆಗೆ ಕಲಾಶಿಕ್ಷಣ ಕಡ್ಡಾಯವಾಗಿರಬೇಕು ಎಂದಿತು. ಕರ್ನಾಟಕದಲ್ಲಿ ಲೋವರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳು ಈಗಲೂ ನಡೆಯುತ್ತವೆ. ಆದರೆ ಡ್ರಾಯಿಂಗ್ ಮಾಸ್ತರರು ನಿವೃತ್ತರಾದ ಮೇಲೆ ಆ ಕುರ್ಚಿಗೆ ಇನ್ನೊಬ್ಬರನ್ನು ಕಾಣದ ಶಾಲೆಗಳಿಗೇನೂ ಬರವಿಲ್ಲ. ಹುದ್ದೆ ತುಂಬುವುದು ಸರ್ಕಾರದ ಕೆಲಸ, ಅದನ್ನು ಕೇಳುತ್ತಲೇ ಇರಬೇಕು.

ಓದುಗರ ಕೈಯಲ್ಲಿರುವ ಕೆಲಸವೂ ಒಂದಿದೆ. ನೀವು ಓದಿದ ಹೈಸ್ಕೂಲಿಗೆ ಮುಂದಿನ ಸಲ ಹೋದಾಗ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ, ಸಭಾಭವನದಲ್ಲಿ ತೂಗುಹಾಕಿರುವ ಗಾಂಧಿ, ವಿವೇಕಾನಂದ, ಬಸವಣ್ಣ, ಸಂಸ್ಥಾಪಕರ ಭಾವಚಿತ್ರಗಳ ಬಲಗಡೆ ಕೆಳಮೂಲೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸಹಿ, ಇಸವಿ ಇದ್ದರೆ ಬರೆದುಕೊಳ್ಳಿ, ಫೋಟೊ ತೆಗೆದುಕೊಳ್ಳಿ. ಶತಮಾನೋತ್ಸವದ ಸ್ಮರಣ ಸಂಚಿಕೆ ತರುವ ಶಾಲೆಗಳು ಹೆಡ್‌ಮಾಸ್ತರರ ಪಟ್ಟಿಯ ಕೆಳಗೆ ಡ್ರಾಯಿಂಗ್ ಮಾಸ್ತರರ ಪಟ್ಟಿಗೂ ಅರ್ಧ ಪುಟ ಬಿಡಲಿ. ಅವರ ಮನೆಯವರು ಊರಲ್ಲಿದ್ದರೆ ಟ್ರಂಕಿನಲ್ಲಿ ಏನಿದೆ ಎಂದು ಒಮ್ಮೆ ಕೇಳಿ, ಮಳೆಗಾಲಕ್ಕೆ ಮೊದಲೇ ಕೇಳಿ.